ಅಂಗಡಿ ಪ್ರೊಫೈಲ್ ಫೋಟೋ ಬದ್ಲಿ ಮಾಡೀನಿ, ಅರ್ಧ ಕಡೆ ಹಳೇದ ಕಾಣಾಕತ್ತೈತಿ

ಇಳಕಲ್_ದಡಿ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. ಇಳಕಲ್‌ದಾಗಿನ ಒಂದು ಸೀರಿ ಅಂಗಡಿದ ಖಾತೆಗಳಿಗೆ ಹೊಸಾ ಪ್ರೊಫೈಲ್ ಫೋಟೋ ಹಾಕೂದೈತಿ. ಫೋಟೋ 1280 ಬೈ 720 ಸೈಜಿಂದು. ಹಿಂದ ಕೆಂಪು ಸೆರಗು, ಅದರ ಮ್ಯಾಲ ಅಂಗಡಿ ಪೂರ್ತಿ ಹೆಸರು (ಕಡೀಕ 'ವಸ್ತ್ರಾಲಯ' ಅಂತ ಬರ್ತೈತಿ), ಕೆಳಗ ಫೋನ್ ನಂಬರ.

ಗೂಗಲ್ ಖಾತೆದಾಗ ಬದ್ಲಿ ಮಾಡೀನಿ. ಜಿಮೇಲ್‌ನ್ಯಾಗ ಹೊಸಾದು ಬಂದೈತಿ, ಆದ್ರ ಯೂಟ್ಯೂಬ್ ಚಾನೆಲ್‌ದಾಗ ಮತ್ತ ಮ್ಯಾಪ್‌ನ್ಯಾಗ ಅಂಗಡಿ ಹುಡುಕಿದ್ರ ಹಳೇದ ಐತಿ. ವಾಟ್ಸಾಪ್ ಡಿಪಿ ಕೆಲವು ಗಿರಾಕಿಗೋಳಿಗೆ ಕಾಣತೈತಿ, ಕೆಲವರಿಗೆ ಬರೇ ಬೂದು ಬಣ್ಣದ ಮನಷ್ಯಾನ ಗುರ್ತು. ಎಲ್ಲಾ ಕಡೆ ಗುಂಡಗ ಕತ್ತರಿಸಿ ಹೆಸರಿನ ಎರಡೂ ತುದಿ ಹಾರಿಹೋಗ್ಯಾವು, ನಂಬರಂತೂ ಇಲ್ಲs ಇಲ್ಲ. ಸೆರಗಿನ ಬಿಳಿ ಗೆರಿ ಕೆಂಪಿನ್ಯಾಗ ಕಲಸಿ ಮಸುಕಾಗೈತಿ. ಯಾವ ಸೈಜ್ ಇರಬೇಕು, ಯಾವ್ಯಾವುದು ಬ್ಯಾರೆ ಬ್ಯಾರೆ ಬದಲಿಸಬೇಕು, ತಿಳಿದವರು ಹೇಳ್ರಿ.

ಕುಂದಾನಗರಿ (ಬೆಳಗಾವಿ):

ಒಂದs ಜಿಮೇಲ್ ಐಡಿಯಿಂದ ಒಳಗ ಹೋದ್ರೂ ನೀವು ಹೇಳಿದ ಮೂರೂ ಬ್ಯಾರೆ ಬ್ಯಾರೆ ಫೋಟೋ. ಗೂಗಲ್ ಖಾತೆದು ಒಂದು, ಯೂಟ್ಯೂಬ್ ಚಾನೆಲ್‌ದು ಒಂದು, ಮ್ಯಾಪ್‌ನ್ಯಾಗಿನ ಅಂಗಡಿದು ಇನ್ನೊಂದು. ಒಂದನ್ನ ಬದಲಿಸಿ ಉಳಿದವು ಹಿಂದ ಬರ್ತಾವು ಅಂತ ಕಾಯೂದ್ರಾಗ ಅರ್ಥ ಇಲ್ಲ.

ಗೂಗಲ್ ಖಾತೆದು: ಜಿಮೇಲ್ ಆ್ಯಪ್ ತೆರೆದು ಬಲಗಡೆ ಮ್ಯಾಲಿನ ಗುಂಡನ ಫೋಟೋ ಒತ್ರಿ, 'ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್', ಅದರಾಗ 'ಪರ್ಸನಲ್ ಇನ್ಫೋ', ಅಲ್ಲಿ ಫೋಟೋ ಮ್ಯಾಲ ಒತ್ತಿ ಬದಲಿಸ್ರಿ. ಮೇಲ್ ಕಳಿಸಿದಾಗ ಎದುರಿನವರಿಗೆ ಕಾಣೂದು ಇದು. ಎಲ್ಲಾ ಕಡೆ ಹರಡಾಕ ಒಂದೆರಡು ದಿವಸ ಹಿಡಿಯಬಹುದು. ಬರಲಿಲ್ಲಂತ ಅದ ಫೋಟೋ ನಾಕು ಸಲ ಏರಿಸಬ್ಯಾಡ್ರಿ, ಏರಿಸಿದ್ದೆಲ್ಲಾ ಹಳೇ ಫೋಟೋಗಳ ಪಟ್ಟಿಯೊಳಗ ಕುಂದರತೈತಿ. ಆ ಪಟ್ಟಿ ಅದ ಜಾಗಾದಾಗ ಮೂರು ಚುಕ್ಕಿ ಒತ್ತಿದ್ರ 'ಪಾಸ್ಟ್ ಪ್ರೊಫೈಲ್ ಪಿಕ್ಚರ್ಸ್' ಅಂತ ಸಿಗತೈತಿ, ಬ್ಯಾಡಾದ್ದನ್ನ ಅಲ್ಲಿಂದ ಅಳಸ್ರಿ. ಮೊದಲ ಇದಕ್ಕ ಆಲ್ಬಮ್ ಆರ್ಕೈವ್ ಅಂತ ಬ್ಯಾರೆ ಪುಟಾನ ಇತ್ತು, 2023ರ ಜುಲೈದಾಗ ಅದನ್ನ ಮುಚ್ಚ್ಯಾರ. ಹಳೇ ವಿಡಿಯೋದಾಗ ಆ ಹೆಸರು ಹೇಳಿದ್ರ ಹುಡುಕೋ ಗೋಜಿಗೆ ಹೋಗಬ್ಯಾಡ್ರಿ.

ಯೂಟ್ಯೂಬ್: 2021ರಿಂದ ಚಾನೆಲ್ ಹೆಸರು, ಫೋಟೋ ಎರಡೂ ಗೂಗಲ್ ಖಾತೆಯಿಂದ ಬ್ಯಾರೆ ಆಗ್ಯಾವು. ಕಂಪ್ಯೂಟರ್‌ದಾಗ ಯೂಟ್ಯೂಬ್ ಸ್ಟುಡಿಯೋ ತೆರೆದು 'ಕಸ್ಟಮೈಸೇಶನ್' ಒಳಗ 'ಪಿಕ್ಚರ್' ಹುಡುಕ್ರಿ, 'ಚೇಂಜ್' ಒತ್ತಿ ಹಾಕ್ರಿ, ಆಮ್ಯಾಲ ಮ್ಯಾಲಿನ 'ಪಬ್ಲಿಶ್' ಒತ್ತೂದು ಮರೀಬ್ಯಾಡ್ರಿ. ಫೋಟೋ ಆರಿಸಿ 'ಡನ್' ಕೊಟ್ಟು ಅಲ್ಲೇ ಪುಟ ಮುಚ್ಚಿಬಿಡೋರs ಭಾಳ. ಪಬ್ಲಿಶ್ ಆಗದs ಹೋದ್ರ ಹಳೇದ ಇರತೈತಿ.

ಮ್ಯಾಪ್: ಅಂಗಡಿ ನೋಂದಾಯಿಸಿದ ಐಡಿಯಿಂದನ ಗೂಗಲ್‌ದಾಗ ಅಂಗಡಿ ಹೆಸರು ಹುಡುಕ್ರಿ. ಸಂಪಾದಿಸೋ ಬಟನ್‌ಗಳು ಬರ್ತಾವು, ಅದರಾಗ ಫೋಟೋ ಸೇರಿಸೋ ಕಡೆ 'ಲೋಗೋ' ಅಂತ ಆರಿಸ್ರಿ. ಅಲ್ಲಿ ಕೇಳೂದು ಜೆಪಿಜಿ ಇಲ್ಲಾ ಪಿಎನ್‌ಜಿ, 10 ಕೆಬಿಯಿಂದ 5 ಎಂಬಿ ಒಳಗ, 720 ಬೈ 720 ಇದ್ರ ಚಲೋ, 250 ಬೈ 250ಕ್ಕಿಂತ ಕಡಿಮಿ ಇರಬಾರದು.

ಈಗ ವಾಟ್ಸಾಪ್. ಬೂದು ಮನಷ್ಯಾ ಕಾಣೂದಕ್ಕ ಕಾರಣ ಹೆಚ್ಚಾಗಿ ಪ್ರೈವಸಿ. ಸೆಟ್ಟಿಂಗ್ಸ್, ಪ್ರೈವಸಿ, 'ಪ್ರೊಫೈಲ್ ಫೋಟೋ' ನೋಡ್ರಿ. 'ಮೈ ಕಾಂಟ್ಯಾಕ್ಟ್ಸ್' ಅಂತ ಇದ್ರ, ನಿಮ್ಮ ಫೋನ್‌ದಾಗ ಯಾರ ನಂಬರ ಸೇವ್ ಐತೋ ಅವರಿಗೆ ಅಷ್ಟs ಡಿಪಿ ಕಾಣತೈತಿ. ಗಿರಾಕಿ ನಿಮ್ಮ ನಂಬರ ಸೇವ್ ಮಾಡಿಕೊಂಡ್ರೂ ಉಪಯೋಗ ಇಲ್ಲ, ನೀವು ಅವರದ್ದು ಮಾಡಿರಬೇಕು. ಮಂದಿ ಇದನ್ನ ಉಲ್ಟಾ ತಿಳ್ಕೊಂಡಿರ್ತಾರ. ಅಂಗಡಿ ನಂಬರಿಗೆ 'ಎವರಿಒನ್' ಇಡ್ರಿ. ಹೊಸಾ ಗಿರಾಕಿ ಮೊದಲ ನೋಡೂದು ಅದನ್ನ.

ಫೇಸ್‌ಬುಕ್ ಪೇಜ್ ಇದ್ರ, ಮೊದಲ ಪೇಜಿಗೆ 'ಸ್ವಿಚ್' ಆಗಿ ಆಮ್ಯಾಲ ಫೋಟೋ ಬದಲಿಸ್ರಿ. ಸ್ವಿಚ್ ಆಗದs ಹಾಕಿದ್ರ ಅಂಗಡಿ ಲೋಗೋ ನಿಮ್ಮ ಸ್ವಂತ ಖಾತೆಗೆ ಹೋಗಿ ಕುಂದರತೈತಿ.

ಗುಮ್ಮಟನಗರಿ (ವಿಜಯಪುರ):

ಖಾತೆಗಳ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಚಿತ್ರದ ಬಗ್ಗೆ ಹೇಳುತ್ತೇನೆ, ನಿಮ್ಮ ನಿಜವಾದ ತೊಂದರೆ ಇರುವುದು ಅಲ್ಲಿಯೇ.

1280 ಬೈ 720 ಅಂದರೆ ಅಡ್ಡ ಚಿತ್ರ. ಪ್ರೊಫೈಲ್ ಫೋಟೋಗೆ ಚೌಕ ಬೇಕು, ಹಾಗಾಗಿ ಮೊದಲು ಎಡಬಲಗಳಲ್ಲಿ 280, 280 ಚುಕ್ಕಿ (ಪಿಕ್ಸೆಲ್) ಹೋಗಿ 720 ಬೈ 720 ಉಳಿಯುತ್ತದೆ. ಆಮೇಲೆ ಆ ಚೌಕದ ನಾಲ್ಕೂ ಮೂಲೆ ಕತ್ತರಿಸಿ ಗುಂಡಗೆ ತೋರಿಸುತ್ತಾರೆ. ಹೆಸರಿನ ತುದಿಗಳು ಮೊದಲ ಕತ್ತರಿಗೆ ಹೋದವು, ಕೆಳಗಿನ ನಂಬರು ಎರಡನೆಯದಕ್ಕೆ ಹೋಯಿತು.

ಹೊಸದಾಗಿ 1000 ಬೈ 1000 ಚೌಕದಲ್ಲಿ ಮಾಡಿಸಿ. ಯೂಟ್ಯೂಬ್ 800 ಬೈ 800 ಕೇಳುತ್ತದೆ, ವಾಟ್ಸಾಪ್‌ಗೆ 640 ಬೈ 640 ಸಾಕು, ಮ್ಯಾಪ್‌ಗೆ 720. ಒಂದೇ ಫೈಲು ಎಲ್ಲದಕ್ಕೂ ಆಗುತ್ತದೆ. ಒಂದು ವೃತ್ತದೊಳಗೆ ಹಿಡಿಯುವ ಅತಿ ದೊಡ್ಡ ಚೌಕದ ಬದಿ ವೃತ್ತದ ಅಗಲದ ಸುಮಾರು 70 ಪಾಲು (ನೂರಕ್ಕೆ). ಅಂದರೆ 1000 ಚುಕ್ಕಿಯ ಚಿತ್ರದಲ್ಲಿ ನಡುವಿನ 700 ಬೈ 700 ಮಾತ್ರ ಖಾತ್ರಿ. ಉಳಿಯಲೇಬೇಕಾದದ್ದನ್ನು ಅದರೊಳಗೆ ಇಡಿ, ಹೊರಗೆ ಬರೀ ಹಿನ್ನೆಲೆ ಬಣ್ಣ ಇರಲಿ. ಫೋನ್ ನಂಬರು ತೆಗೆದುಬಿಡಿ. ವಾಟ್ಸಾಪ್‌ನಲ್ಲಿ ನಂಬರು ಹೇಗೂ ಇದೆ, ಉಳಿದ ಕಡೆ ಅದಕ್ಕೆ ಬೇರೆ ಜಾಗವಿದೆ.

ಹೆಸರೂ ಪೂರ್ತಿ ಬೇಡ. ವಾಟ್ಸಾಪ್ ಚಾಟ್ ಪಟ್ಟಿಯಲ್ಲಿ ಡಿಪಿ ಕಾಣುವುದು ಹೆಚ್ಚೂಕಡಿಮೆ ಒಂದು ಕಡಲೆಕಾಳಿನಷ್ಟು, 8 ಮಿಲಿಮೀಟರ್ ಅಗಲ. ಒಳಗಿನ ಚೌಕ 5.5 ಮಿಲಿಮೀಟರ್. 'ವಸ್ತ್ರಾಲಯ'ದಲ್ಲಿ ನಾಲ್ಕು ಅಕ್ಷರ, ತಲಾ ಒಂದೂಕಾಲು ಮಿಲಿಮೀಟರ್ ಸುತ್ತಮುತ್ತ ಬಂತು. ಅದರಲ್ಲಿ 'ಸ್ತ್ರಾ' ನೋಡಿ: ಸಕಾರ, ಅದಕ್ಕೆ ದೀರ್ಘ, ಕೆಳಗೆ ತ ಒತ್ತು, ಪಕ್ಕದಲ್ಲಿ ರ ಒತ್ತು. ಆ ಒತ್ತುಗಳಿಗೆ ಅರ್ಧ ಮಿಲಿಮೀಟರೂ ಸಿಗುವುದಿಲ್ಲ, ಎರಡೂ ಸೇರಿ ಒಂದು ಮಚ್ಚೆಯಾಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಮಾಡಿದ ಅಳತೆಯಲ್ಲೇ ಕನ್ನಡ ಹಾಕಿದರೆ ಹೀಗೆಯೇ ಆಗುವುದು, ನಮ್ಮ ಲಿಪಿಗೆ ಕೆಳಗೆ ಜಾಗ ಬೇಕು. ಅಂಗಡಿ ಹೆಸರಿನ ಮೊದಲ ಅಕ್ಷರ ಒಂದನ್ನೇ ದಪ್ಪಗೆ ಹಾಕಿ. ಪೂರ್ತಿ ಹೆಸರು ಪಕ್ಕದಲ್ಲೇ ಅಕ್ಷರದಲ್ಲಿ ಬರುತ್ತದಲ್ಲ.

ಸೆರಗು ಮಸುಕಾದದ್ದಕ್ಕೆ ಕಾರಣ ಬೇರೆ. ಜೆಪಿಜಿ ಮಾಡುವಾಗ ಬೆಳಕು ಎಷ್ಟಿದೆ ಎಂಬುದನ್ನು ಪ್ರತಿ ಚುಕ್ಕಿಗೂ ಬರೆದಿಡುತ್ತಾರೆ, ಬಣ್ಣವನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಚುಕ್ಕಿಗೆ ಸೇರಿಸಿ ಒಂದೇ ಸಲ. ಆಕಾಶ, ಗೋಡೆ, ಮುಖದಂಥ ಚಿತ್ರಗಳಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಟೋಪ ತೆನಿ ಸೆರಗಿನಲ್ಲಿ (ಇಳಕಲ್ ಸೀರೆಯ ಕೆಂಪು-ಬಿಳಿ ಸೆರಗು) ಕಡುಗೆಂಪಿನ ಒತ್ತಿಗೇ ಬಿಳಿ ಎಳೆ ಬರುತ್ತದೆ. ಎಳೆ ಎರಡೇ ಚುಕ್ಕಿ ಅಗಲವಿದ್ದರೆ ಪಕ್ಕದ ಕೆಂಪು ಅದರೊಳಗೆ ಇಳಿದು ಬಿಳಿ ಹೋಗಿ ಗುಲಾಬಿಯಾಗುತ್ತದೆ. ಪಿಎನ್‌ಜಿ ಕೊಟ್ಟರೂ ಹೆಚ್ಚಿನ ಕಡೆ ಏರಿಸುವಾಗ ಮತ್ತೆ ಕುಗ್ಗಿಸುತ್ತಾರೆ, ಅದರಿಂದ ಪೂರ್ತಿ ಪರಿಹಾರವಿಲ್ಲ. ಪರಿಹಾರ ಇರುವುದು ಎಳೆಯನ್ನು ದಪ್ಪ ಮಾಡುವುದರಲ್ಲಿ. ಇಡೀ ಸೆರಗು ಹಾಕಬೇಡಿ. ಹಣಿಗಿ (ಬಾಚಣಿಗೆಯಂಥ ಆಕಾರ) ಅಥವಾ ತೆನಿ (ತೆನೆಯಂಥದ್ದು), ಯಾವುದಾದರೂ ಒಂದೇ ಆಕಾರ ಆರಿಸಿ, ಅದು ಚೌಕದ ಅರ್ಧಕ್ಕಿಂತ ಹೆಚ್ಚು ತುಂಬುವಷ್ಟು ಹತ್ತಿರದಿಂದ ತೆಗೆಯಿರಿ.

ತೆಗೆಯುವಾಗ ಸೀರೆಯನ್ನು ಸಪಾಟಾದ ಜಾಗದಲ್ಲಿ ಹಾಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ, ಫ್ಲ್ಯಾಶ್ ಬೇಡ. ರೇಷ್ಮೆ ಸೆರಗಿಗೆ ಫ್ಲ್ಯಾಶ್ ಬಿದ್ದರೆ ನಡುವೆ ಬಿಳಿ ಮಚ್ಚೆ ಬರುತ್ತದೆ. ಫೋನನ್ನು ಬಟ್ಟೆಗೆ ಸಮಾನಾಂತರವಾಗಿ ಹಿಡಿಯಿರಿ, ಓರೆಯಾದರೆ ತೆನಿ ವಾಲುತ್ತದೆ. ಫೋನ್ ಕ್ಯಾಮೆರಾದಲ್ಲಿ ಕೆಂಪು ಬಣ್ಣ ಬೇಗ ಉಬ್ಬುತ್ತದೆ, ನೇಯ್ಗೆಯೇ ಕಾಣದೆ ಬಣ್ಣ ಬಳಿದಂತೆ ಆಗುತ್ತದೆ. ತೆರೆಯ ಮೇಲೆ ಕೆಂಪಿನ ಭಾಗ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಎಳೆಗಳು ಬಿಡಿಬಿಡಿಯಾಗಿ ಕಾಣತೊಡಗಿದಾಗ ನಿಲ್ಲಿಸಿ.

ಇಳಕಲ್_ದಡಿ:

ಭಾಳ ಉಪಕಾರ ಆತ್ರಿ ಇಬ್ಬರಿಂದಾನೂ. ಪ್ರೈವಸಿ 'ಮೈ ಕಾಂಟ್ಯಾಕ್ಟ್ಸ್' ಇತ್ತು, ಬದ್ಲಿ ಮಾಡೀನಿ. ಯೂಟ್ಯೂಬ್‌ದಾಗ ಪಬ್ಲಿಶ್ ಒತ್ತಿದ ಮ್ಯಾಲ ಬಂತು.

ಇನ್ನೆರಡು ಅದಾವು. ತೆನಿ ಮತ್ತ ಒಂದಕ್ಷರದ ಹೊಸಾ ಲೋಗೋ ಪಿಎನ್‌ಜಿ ಮಾಡಿಸಿದ್ದು ಡಿಪಿ ಇಟ್ರ ಸುತ್ತ ಕರ್ರಗ ಆಗೈತಿ. ಗ್ಯಾಲರಿಯೊಳಗ ಹಂಗಿಲ್ಲ. ಎರಡನೇದು, ಲೋಗೋ ಮಾಡಿದವರು ವಾಟ್ಸಾಪ್‌ದಾಗ ಕಳಿಸಿದ್ದು 1000 ಬೈ 1000 ಇದ್ರೂ ಅಂಚು ಒಡದಂಗ ಕಾಣತೈತಿ.

ಮುಳುಗಡೆ_ನಾಡು (ಬಾಗಲಕೋಟೆ):

ಕರ್ರಗ ಆಗಿದ್ದು ಹಿನ್ನೆಲೆ ಇಲ್ಲದ್ದಕ್ಕ. ಪಿಎನ್‌ಜಿದಾಗ ಹಿಂದಿನ ಭಾಗ ಪಾರದರ್ಶಕ ಬಿಡಬಹುದು, ಜೆಪಿಜಿದಾಗ ಆ ಸೌಲಭ್ಯನ ಇಲ್ಲ. ಡಿಪಿ ಮಾಡೋವಾಗ ಜೆಪಿಜಿಗೆ ತಿರುಗಿಸಿದ್ರ ಪಾರದರ್ಶಕ ಚುಕ್ಕಿಗೆ ಏನಾರೆ ಒಂದು ಬಣ್ಣ ಕೊಡಲೇಬೇಕು, ಹೆಚ್ಚಾಗಿ ಅದು ಕರಿ ಆಗತೈತಿ. ಗ್ಯಾಲರಿ ತನ್ನ ಹಿನ್ನೆಲೆ ಮ್ಯಾಲ ಇಟ್ಟು ತೋರಿಸತೈತಿ, ಅದಕ್ಕs ಅಲ್ಲಿ ಗೊತ್ತಾಗೂದಿಲ್ಲ. ಲೋಗೋ ಮಾಡಿದವರಿಗೆ ಹಿಂದ ಗಟ್ಟಿ ಬಣ್ಣ ತುಂಬಿಕೊಡ್ರಿ ಅನ್ನಿ. ಕೆಂಪು ತೆನಿ ಇದ್ರ ಹಿಂದ ಕೆನೆ ಬಣ್ಣ ಚಲೋ. ಅಚ್ಚ ಬಿಳಿ ಬ್ಯಾಡ, ಬಿಳಿ ತೆರೆ ಮ್ಯಾಲ ವೃತ್ತದ ಅಂಚs ಕಾಣೂದಿಲ್ಲ.

ಅಂಚು ಒಡದಂಗ ಇರೂದಕ್ಕ ಕಾರಣ ಅದನ್ನ ಫೋಟೋ ಅಂತ ಕಳಿಸಿದ್ದು. ಫೋಟೋ ಅಂತ ಕಳಿಸಿದ್ರ ವಾಟ್ಸಾಪ್ ಕುಗ್ಗಿಸಿ ಕಳಿಸತೈತಿ, ಅದನ್ನ ನೀವು ಡಿಪಿ ಇಟ್ರ ಇನ್ನೊಮ್ಮೆ ಕುಗ್ಗತೈತಿ. ಕಳಿಸೋವರು ಪಿನ್ ಗುರ್ತು ಒತ್ತಿ 'ಡಾಕ್ಯುಮೆಂಟ್' ಆರಿಸಿ ಕಳಿಸಲಿ, ಇಲ್ಲಾ ಮೇಲ್ ಮಾಡಲಿ, ಫೈಲ್ ಇದ್ದಂಗ ಬರತೈತಿ. ಬಂದಿದ್ದನ್ನ ಮೂಲ ಫೈಲ್ ಅಂತ ಮೇಲ್‌ನ್ಯಾಗೋ ಡ್ರೈವ್‌ದಾಗೋ ಇಟ್ಕೊಳ್ರಿ. ಹಾಕಿದ ಡಿಪಿಯ ಸ್ಕ್ರೀನ್‌ಶಾಟ್ ತಗದು ಇನ್ನೊಂದು ಖಾತೆಗೆ ಹಾಕಬ್ಯಾಡ್ರಿ, ಕೈಯಿಂದ ಕೈಗೆ ಹೋದಂಗ ಕೆಡತೈತಿ.

ಹೊಸಾದು ಹಾಕಿದ ಮ್ಯಾಲೂ ನಿಮ್ಮ ಕಂಪ್ಯೂಟರ್‌ದಾಗ ಹಳೇದ ಕಂಡ್ರ, ಅದು ಬ್ರೌಸರ್ ಹಿಡಿದಿಟ್ಟ ಹಳೇ ಪ್ರತಿ ಇರಬಹುದು. ಕಂಟ್ರೋಲ್, ಶಿಫ್ಟ್, ಆರ್ ಮೂರೂ ಕೂಡಿ ಒತ್ರಿ. ಫೋನ್‌ದಾಗ ಆದ್ರ ಆ ಆ್ಯಪ್‌ನ 'ಸ್ಟೋರೇಜ್' ಒಳಗ 'ಕ್ಲಿಯರ್ ಕ್ಯಾಶ್' ಅಷ್ಟs ಒತ್ರಿ. ಅದರ ಬಾಜೂಕs 'ಕ್ಲಿಯರ್ ಡೇಟಾ' ಇರತೈತಿ, ಅದಕ್ಕ ಕೈ ಹಚ್ಚಬ್ಯಾಡ್ರಿ. ವಾಟ್ಸಾಪ್‌ದಾಗ ಅದನ್ನ ಒತ್ತಿದ್ರ ಬ್ಯಾಕಪ್ ಇಲ್ಲದ ಚಾಟ್ ಎಲ್ಲಾ ಹೋಗತಾವು. ಗಿರಾಕಿಗೋಳ ಆರ್ಡರ್ ಅದರಾಗs ಇರ್ತಾವು.

ಖರೇ ಬದ್ಲಾಗೈತೋ ಇಲ್ಲೋ ನೋಡಾಕ ಲಾಗಿನ್ ಇಲ್ಲದ ಬ್ರೌಸರ್ ಕಿಟಕಿಯೊಳಗ ಚಾನೆಲ್ ತೆರೀರಿ, ಡಿಪಿಗೆ ನಿಮ್ಮ ಫೋನ್‌ದಾಗ ಸೇವ್ ಇಲ್ಲದ ಒಬ್ಬರ ಕಡೆ ನೋಡಿಸ್ರಿ.

ಕುಂದಾನಗರಿ (ಬೆಳಗಾವಿ):

ಒಂದು ಬಿಟ್ಟಿದ್ದೆ. ಫೇಸ್‌ಬುಕ್ ಪೇಜಿನ ಹಳೇ ಪ್ರೊಫೈಲ್ ಫೋಟೋಗಳು 'ಪ್ರೊಫೈಲ್ ಪಿಕ್ಚರ್ಸ್' ಆಲ್ಬಮ್‌ದಾಗ ಹಂಗs ಉಳೀತಾವು. ಅದರಾಗ ಸೀರಿ ಉಟ್ಟ ಯಾರದಾದ್ರೂ ಮನಿ ಹೆಣ್ಮಕ್ಕಳ ಫೋಟೋ ಇದ್ರ, ಅವರನ್ನ ಕೇಳಿ, ಒಲ್ಲೆ ಅಂದ್ರ ಆಲ್ಬಮ್ ತೆರೆದು ಆ ಫೋಟೋನ ಅಳಸ್ರಿ. ಹೊಸಾದು ಹಾಕಿದ ಕೂಡಲೇ ಹಳೇದು ಹೋತು ಅಂತ ತಿಳಿಯಬ್ಯಾಡ್ರಿ.

ಇಳಕಲ್_ದಡಿ:

ಆಲ್ಬಮ್‌ದಾಗ ಅಂಥಾವು ಮೂರು ಫೋಟೋ ಅದಾವ್ರಿ. ಇವತ್ತs ಕೇಳಿ ತಗೀತೀನಿ. ಲೋಗೋ ಕೆನೆ ಬಣ್ಣದ ಮ್ಯಾಲ ಮಾಡಿ ಡಾಕ್ಯುಮೆಂಟ್ ಕಳಿಸಂತ ಹೇಳೀನಿ.