ಕೋಳಿ ಹಿಡಿಯೋದು ಮುಂಗುಸಿನಾ, ಕಬ್ಬೆಕ್ಕಾ?

ಪ್ರಶ್ನೆ:
ತೀರ್ಥಹಳ್ಳಿ ಹತ್ತಿರ ನಮ್ಮನೆ. ಹದಿನೈದು ದಿನದಲ್ಲಿ 4 ನಾಟಿ ಕೋಳಿ ಹೋದವು, ಎಲ್ಲ ರಾತ್ರಿನೇ. ನಿನ್ನೆ ಗೂಡಲ್ಲಿ ತಲೆಯಿಲ್ಲದ ಹೇಂಟೆ ಬಿದ್ದಿತ್ತು. ಮುಂಗುಸಿ ಅಡಗೋದೇ ಹಿತ್ತಲಿನ ಕವಳಿ, ಲಕ್ಕಿ ಮಟ್ಟಿಲಿ (ಪೊದೆಲಿ), ಎಲ್ಲ ಸವರಿಬಿಡೋಣ ಅಂತಾರೆ ನಮ್ಮನೆಯವರು. ನಂಗೆ ಮನಸ್ಸಿಲ್ಲ. ವರ್ಷದ ಉಪ್ಪಿನಕಾಯಿ ಆ ಕವಳಿಕಾಯಿದೇ!

ಉತ್ತರ 1:
ಅಕ್ಕಾ, ರಾತ್ರಿ ಅಂದ್ರೆ ಮುಂಗುಸಿ ಅಲ್ಲ, ಅದು ಹಗಲುಗಳ್ಳ. ಹೆಂಚಿನ ಮೇಲೆ ಬೈನೆ ಮರದ ಬೀಜ ತುಂಬಿದ ಹಿಕ್ಕೆ ಇದ್ಯಾ ನೋಡಿ. ಇದ್ರೆ ಕಬ್ಬೆಕ್ಕು, ಅಂದ್ರೆ ಬೈನೆ ಹಣ್ಣೂ ತಿನ್ನೋ, ರಾತ್ರಿ ತಿರುಗೋ ಪುನುಗಿನ ಜಾತಿ ಪ್ರಾಣಿ, ಓಡಾಡ್ತಿದೆ. ತೆಳು ಕೋಳಿ ಬಲೆ ನಂಬ್ಬೇಡಿ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ, ಒಂದಡಿ ಮಣ್ಣೊಳಗೆ ಇಳಿಸಿ. ಮಾಡಿನ ಸಂದೂ ಮುಚ್ಚಿ.

ಉತ್ತರ 2:
ಮಟ್ಟಿ ಕಡಿಬೇಡಿ ಮಾರಾಯ್ರೆ. ನಾವು ಕಡಿದು ಕೆಟ್ವಿ. ಹದ್ದು ಬಂದ್ರೆ ಮರಿಗಳಿಗೆ ನುಗ್ಗೋಕೆ ಜಾಗ ಇಲ್ಲ, ಒಂದೇ ವಾರಕ್ಕೆ 6 ಮರಿ ಹೋದವು. ಗೂಡಿನ ಸುತ್ತ ಹತ್ತಡಿ ಬಯಲಿದ್ರೆ ಸಾಕು. ಲಂಟಾನ ಇದ್ರೆ ಕೀಳಿ, ಅದೇನು ನಮ್ಮ ದೇಶದ್ದೂ ಅಲ್ಲ. ಉರುಳು, ವಿಷ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಕೇಸಾಗುತ್ತೆ.

ಪ್ರಶ್ನೆ ಕೇಳಿದವರು:
ಏಣಿ ಇಟ್ಟು ನೋಡ್ದೆ. ಹೆಂಚಿನ ಸಂದೀಲಿ ಒಂದು ಬೊಗಸೆ ಬೈನೆ ಬೀಜ! ನಮ್ಮನೆಯವರು ಕತ್ತಿ ಒಳಗಿಟ್ಟು ಮೆಶ್ ತರೋಕೆ ಪೇಟೆಗೆ ಹೋದ್ರು.