ಚಿತ್ರಾನ್ನದ ಅಗುಳು ಮತ್ತು ರೆಡ್‌ವುಡ್ ಕಾಡು

ಮೊನ್ನೆ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ಫ್ರೀಮಾಂಟ್‌ಗೆ ಬಂದು ಆರು ತಿಂಗಳಾಯಿತು, ಇಲ್ಲಿ ಇದೇ ಮೊದಲ ಬೇಸಿಗೆ, ಐದು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು, ಜುಲೈನಲ್ಲಿ ಅತ್ತೆ-ಮಾವ ಬರುತ್ತಿದ್ದಾರೆ, ಯಾವ ಸ್ಟೇಟ್ ಪಾರ್ಕ್‌ಗೆ (ರಾಜ್ಯ ಸರ್ಕಾರ ಕಾಯ್ದಿಟ್ಟ ಕಾಡು, ಬೀಚುಗಳಿಗೆ) ಹೋಗಬಹುದು ಅಂತ. ಜಾಗದ ಹೆಸರುಗಳನ್ನು ಎಲ್ಲರೂ ಧಾರಾಳವಾಗಿ ಕೊಟ್ಟಿದ್ದೀರಿ. ಅಲ್ಲಿಗೆ ಹೋದ ಮೇಲೆ ಹೇಗಿರಬೇಕು ಅನ್ನುವುದನ್ನು ಯಾರೂ ಬರೆಯಲಿಲ್ಲ. ಹದಿನೈದು ವರ್ಷದಿಂದ ಮಕ್ಕಳನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ಪಾರ್ಕುಗಳನ್ನು ಸುತ್ತಿದ್ದೇನೆ, ಆ ಭಾಗವನ್ನು ನಾನು ಬರೆಯುತ್ತೇನೆ.

2019ರ ಜುಲೈ. ಅಪ್ಪ-ಅಮ್ಮ ಬಂದಿದ್ದರು. ಸಾಂತಾ ಕ್ರೂಜ್ ಬೆಟ್ಟಗಳಲ್ಲಿರುವ ಬಿಗ್ ಬೇಸಿನ್‌ಗೆ ಕರೆದುಕೊಂಡು ಹೋಗಿದ್ದೆವು. 1902ರಲ್ಲಿ ಕಾಯ್ದಿಟ್ಟ ಕಾಡು ಅದು, ಕ್ಯಾಲಿಫೋರ್ನಿಯಾದ ಅತಿ ಹಳೆಯ ಸ್ಟೇಟ್ ಪಾರ್ಕ್. ಸಾವಿರ ವರ್ಷ ದಾಟಿದ ರೆಡ್‌ವುಡ್ ಮರಗಳ ಕೆಳಗೆ ಮೇಜಿನ ಮೇಲೆ ಚಿತ್ರಾನ್ನ, ಮೊಸರನ್ನ, ಕೋಡುಬಳೆ ಎಲ್ಲ ಬಿಚ್ಚಿದೆವು. ತಲೆಯ ಮೇಲೆ ಕಪ್ಪು ಜುಟ್ಟಿರುವ ನೀಲಿ ಹಕ್ಕಿಯೊಂದು ಬಂದು ಬೆಂಚಿನ ಅಂಚಿಗೆ ಕೂತಿತು. ಅಮ್ಮ ಊಟಕ್ಕೆ ಮೊದಲು ಒಂದು ತುತ್ತು ತೆಗೆದು ಬೇರುಗಳ ಮೇಲೆ ಇಟ್ಟರು. ಊರಲ್ಲಿ ಅವರು ದಿನವೂ ಮಾಡುವ ಕೆಲಸ ಅದು. ಕಾಗೆಗೆ ಎಡೆ ಇಡದೆ ನಮ್ಮಲ್ಲಿ ಶ್ರಾದ್ಧವೂ ಮುಗಿಯುವುದಿಲ್ಲ.

ಮಗಳಿಗೆ ಆಗ ಎಂಟು ವರ್ಷ. ಬೆಳಿಗ್ಗೆ ಅಲ್ಲಿ ಮಕ್ಕಳಿಗೆ ಕಾಡಿನ ಬಗ್ಗೆ ಕಲಿಸುವ ಜೂನಿಯರ್ ರೇಂಜರ್ ಕಾರ್ಯಕ್ರಮಕ್ಕೆ ಹೋಗಿ ಬಂದಿದ್ದಳು. "ಅಜ್ಜಿ, ಬೇಡ, ಮರಿ ಸಾಯುತ್ತೆ" ಅಂತ ಓಡಿ ಬಂದು ಆ ಅನ್ನವನ್ನು ಕೈಯಲ್ಲಿ ಬಾಚಿಕೊಂಡಳು. ಯಾವ ಮರಿ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅವಳು ಹೇಳಿದ್ದು ಇದು. ಮಾರ್ಬಲ್ಡ್ ಮರ್ರಲೆಟ್ ಅಂತ ಒಂದು ಕಡಲ ಹಕ್ಕಿ. ಮೀನು ಹಿಡಿದು ಬದುಕುವುದು ಸಮುದ್ರದ ಮೇಲೆ, ಮೊಟ್ಟೆ ಇಡುವುದು ಮಾತ್ರ ಒಳನಾಡಿನ ಹಳೇ ಕಾಡಿನ ಎತ್ತರದ ಮರಗಳ ಮೇಲೆ. ಗೂಡು ಕಟ್ಟುವುದಿಲ್ಲ. ಪಾಚಿ ಬೆಳೆದ ದಪ್ಪ ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆ. ಈ ಹಕ್ಕಿ ಎಲ್ಲಿ ಮೊಟ್ಟೆ ಇಡುತ್ತದೆ ಅನ್ನುವುದು ಬಹಳ ಕಾಲ ಒಗಟಾಗಿತ್ತು. 1974ರಲ್ಲಿ ಇದೇ ಬಿಗ್ ಬೇಸಿನ್‌ನಲ್ಲಿ ಮರ ಹತ್ತಿದ ಕೆಲಸಗಾರರೊಬ್ಬರ ಕಣ್ಣಿಗೆ ಮರಿ ಬಿತ್ತು. ಈಗ ಅದು ಅಳಿವಿನಂಚಿನಲ್ಲಿದೆ. ಹಳೇ ಮರಗಳನ್ನು ಕಡಿದದ್ದು ದೊಡ್ಡ ಕಾರಣ. ಉಳಿದ ಮರಗಳಲ್ಲಿ ಅದರ ಮೊಟ್ಟೆ ಕದಿಯುವುದು ಆ ನೀಲಿ ಹಕ್ಕಿ ಸ್ಟೆಲ್ಲರ್ಸ್ ಜೇ ಮತ್ತು ರೇವನ್. ಎರಡೂ ನಮ್ಮ ಕಾಗೆಯ ಕುಲದವು, ಅಷ್ಟೇ ಚುರುಕು. ಊಟದ ಮೇಜುಗಳ ಕೆಳಗೆ ಚಿಪ್ಸ್, ಬ್ರೆಡ್ಡು, ಅನ್ನ ಸಿಗುತ್ತದೆ ಅಂತ ಗೊತ್ತಾದರೆ ಅಲ್ಲೇ ಗುಂಪುಗೂಡುತ್ತವೆ, ಅವುಗಳ ಸಂಖ್ಯೆ ಹೆಚ್ಚುತ್ತದೆ, ಆಮೇಲೆ ಮೇಲಿನ ಕೊಂಬೆಗಳನ್ನೂ ಹುಡುಕುತ್ತವೆ. ಅದಕ್ಕೇ ಸಾಂತಾ ಕ್ರೂಜ್ ಬೆಟ್ಟಗಳ ಪಾರ್ಕುಗಳಲ್ಲಿ 'ಕ್ರಂಬ್ ಕ್ಲೀನ್' ಅಂತ ಒಂದು ನಿಯಮ: ಮೇಜಿನ ಮೇಲೂ ನೆಲದ ಮೇಲೂ ಒಂದು ಚೂರೂ ಬಿಡಬಾರದು.

ಅಮ್ಮ ಸುಮ್ಮನೆ ಕೇಳಿಸಿಕೊಂಡರು. ಊಟ ಮುಗಿದ ಮೇಲೆ ಸೀರೆಯ ಸೆರಗು ಸಿಕ್ಕಿಸಿಕೊಂಡು, ಕೂತು, ಮೇಜಿನ ಕೆಳಗಿನ ಸಾಸಿವೆ, ಕಡಲೆಬೇಳೆ, ಅನ್ನದ ಅಗುಳುಗಳನ್ನು ಒಂದೊಂದಾಗಿ ಆರಿಸಿದರು. ಎಪ್ಪತ್ತರ ಹತ್ತಿರದ ಅವರು ಅಷ್ಟು ಸಲೀಸಾಗಿ ಅದನ್ನು ಒಪ್ಪಿಕೊಂಡದ್ದು ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ.

ನಮ್ಮ ಸಂಘದ ಪಿಕ್ನಿಕ್ಕುಗಳಲ್ಲಿ ಚುರುಮುರಿ, ಕಾರದ ಅವಲಕ್ಕಿ ಖಂಡಿತ ಇರುತ್ತದೆ. ದಯವಿಟ್ಟು ರೆಡ್‌ವುಡ್ ಕಾಡಿಗೆ ಚುರುಮುರಿ ಬೇಡ, ಎಷ್ಟು ಆರಿಸಿದರೂ ಹುಲ್ಲಿನಲ್ಲಿ ಉಳಿಯುತ್ತದೆ. ಇಡ್ಲಿ, ಚಪಾತಿ ರೋಲ್, ಉಂಡೆ ಕಟ್ಟಿದ ಮೊಸರನ್ನ ಒಯ್ಯಿರಿ. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ, ಎದ್ದ ಮೇಲೆ ಅದನ್ನು ಮಡಚಿ ಮನೆಗೆ ತಂದು ಕೊಡವಿ. ಕಿತ್ತಳೆ, ಬಾಳೆಹಣ್ಣಿನ ಸಿಪ್ಪೆಯೂ ವಾಪಸ್ ಬರಬೇಕು. "ಮಣ್ಣಲ್ಲಿ ಮಣ್ಣಾಗುತ್ತೆ" ಅನ್ನುವುದು ನಮ್ಮ ತೋಟದಲ್ಲಿ ಸರಿ.

ಇನ್ನು ನೀರು. ಇದರ ಬಗ್ಗೆ ನನಗೆ ನಿಜವಾಗಿ ಭಯವಿದೆ, ಅದಕ್ಕೇ ನೇರವಾಗಿ ಬರೆಯುತ್ತೇನೆ. ನದಿ ಕಂಡರೆ ಇಳಿದು ಕಾಲು ತೊಳೆದು, ತಲೆಗೆ ನೀರು ಪ್ರೋಕ್ಷಿಸಿಕೊಳ್ಳುವುದು ನಮ್ಮ ಹಿರಿಯರಿಗೆ ಸಹಜ. ಆಬರ್ನ್ ಹತ್ತಿರ ಅಮೆರಿಕನ್ ನದಿಯ ಎರಡು ಕವಲು ಸೇರುವ ಜಾಗಕ್ಕೆ ತುಂಬಾ ಜನ ಹೋಗುತ್ತೀರಿ. ಹೊರಗೆ 38 ಡಿಗ್ರಿ ಸುಡುತ್ತಿರುತ್ತದೆ, ನೀರು ಮಾತ್ರ ಸಿಯೆರಾ ಬೆಟ್ಟದ ಹಿಮ ಕರಗಿ ಬಂದದ್ದು. ಅಷ್ಟು ತಣ್ಣನೆಯ ನೀರಿಗೆ ಥಟ್ಟನೆ ಬಿದ್ದರೆ ಮೊದಲ ನಿಮಿಷದಲ್ಲಿ ಉಸಿರು ತನ್ನಿಂದ ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ, ಆ ಕ್ಷಣ ಬಾಯಿ ನೀರೊಳಗಿದ್ದರೆ ಮುಗಿಯಿತು. ತಡೆದುಕೊಂಡರೂ ಸುಮಾರು ಹತ್ತು ನಿಮಿಷದಲ್ಲಿ ಕೈಕಾಲು ಸೋಲುತ್ತವೆ. ಈಜು ಬಂದರೂ ಅಷ್ಟೇ. ಜೊತೆಗೆ ಮಿಡ್ಲ್ ಫೋರ್ಕ್ ಕವಲಿನಲ್ಲಿ ಮೇಲಿನ ವಿದ್ಯುತ್ ಘಟಕಗಳಿಂದ ನೀರು ಬಿಟ್ಟಾಗ ಮಟ್ಟ ಇದ್ದಕ್ಕಿದ್ದಂತೆ ಏರುತ್ತದೆ. ಬೆಳಿಗ್ಗೆ ನಡೆದು ದಾಟಿದ ಬಂಡೆಗೆ ಮಧ್ಯಾಹ್ನ ದಾರಿ ಇರುವುದಿಲ್ಲ. ಮುತ್ತತ್ತಿ, ಮೇಕೆದಾಟಿನ ಕಾವೇರಿಯನ್ನು ನೋಡಿದವರಿಗೆ ಶಾಂತವಾಗಿ ಕಾಣುವ ನೀರನ್ನು ನಂಬಬಾರದು ಅಂತ ಹೇಳಬೇಕಿಲ್ಲ. ಇಲ್ಲಿ ಅದೇ ಎಚ್ಚರಕ್ಕೆ ಚಳಿಯನ್ನೂ ಸೇರಿಸಿಕೊಳ್ಳಿ.

ಆದ್ದರಿಂದ ಮಕ್ಕಳು ದಡದಲ್ಲಿ ಆಡುವಾಗಲೂ ಲೈಫ್ ಜಾಕೆಟ್. ದೋಣಿಯಲ್ಲಿ ಹದಿಮೂರು ವರ್ಷಕ್ಕಿಂತ ಚಿಕ್ಕವರಿಗೆ ಅದು ಕಾನೂನಿನಿಂದಲೇ ಕಡ್ಡಾಯ. ಗಾಳಿ ತುಂಬಿದ ಕೈಪಟ್ಟಿ, ಟ್ಯೂಬು ಯಾವುದೂ ಅದಕ್ಕೆ ಬದಲಿಯಾಗದು. ದೊಡ್ಡವರಲ್ಲಿ ಒಬ್ಬರು ಸರದಿಯಂತೆ, ಫೋನ್ ಬದಿಗಿಟ್ಟು ಮಕ್ಕಳನ್ನೇ ನೋಡುತ್ತಿರಬೇಕು. ಹತ್ತು ಜನ ದೊಡ್ಡವರಿದ್ದಾಗ "ಯಾರೋ ನೋಡ್ತಿದ್ದಾರೆ" ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಪೆಸ್ಕಾಡೆರೋ, ಹಾಫ್ ಮೂನ್ ಬೇ ಕಡೆಯ ಸ್ಟೇಟ್ ಬೀಚುಗಳಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ. ಹತ್ತಿಪ್ಪತ್ತು ನಿಮಿಷ ಸಣ್ಣ ಅಲೆಗಳು ಬಂದು, ಮಧ್ಯೆ ಒಂದು ದೊಡ್ಡದು ಹೇಳದೆ ಕೇಳದೆ ಮೇಲೇರುತ್ತದೆ. ಒದ್ದೆಯಾದ ಸೀರೆಯಲ್ಲಿ ಅದರ ಎಳೆತಕ್ಕೆ ಎದುರು ನಿಲ್ಲಲಾಗುವುದಿಲ್ಲ.

ಅತ್ತೆ-ಮಾವನ ವಿಷಯ. ದಾರಿಯಲ್ಲಿ ಬಾತ್‌ರೂಮ್ ಸಿಗುತ್ತದೋ ಇಲ್ಲವೋ ಅಂತ ನಮ್ಮ ಹೆಂಗಸರು ನೀರನ್ನೇ ಕುಡಿಯುವುದಿಲ್ಲ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲಲ್ಲಿ ಇದು ಅಪಾಯ. ಪಾರ್ಕಿಂಗ್ ಹತ್ತಿರ ಬಾತ್‌ರೂಮ್ ಎಲ್ಲಿದೆ ಅಂತ ಹೋದ ಕೂಡಲೇ ತೋರಿಸಿಬಿಡಿ, ಆಗ ಧೈರ್ಯವಾಗಿ ಕುಡಿಯುತ್ತಾರೆ. ಸಕ್ಕರೆ ಕಾಯಿಲೆಯವರ ಜೇಬಿನಲ್ಲಿ ಬೆಲ್ಲದ ಚೂರು ಇರಲಿ, ಇನ್ಸುಲಿನ್ ಬಿಸಿ ಕಾರಿನಲ್ಲಿ ಇರಬಾರದು. ಚಪ್ಪಲಿ ಬೇಡ, ಶೂ ಕೊಡಿಸಿ.

ಜಾಗವನ್ನು ಕಾಲ ನೋಡಿ ಆರಿಸಿ. ಹೆನ್ರಿ ಕೋ, ಮೌಂಟ್ ಡಯಾಬ್ಲೊ ಯುಗಾದಿಯ ಹೊತ್ತಿಗೆ ಹಸಿರು, ಹೂವು. ಜುಲೈನಲ್ಲಿ ನೆರಳಿಲ್ಲದ ಬಾಣಲೆ. ಬೇಸಿಗೆಗೆ ಕರಾವಳಿಯ ಮಂಜು, ರೆಡ್‌ವುಡ್ ನೆರಳು ವಾಸಿ. ಬೆಳಿಗ್ಗೆ ಎಂಟಕ್ಕೆ ಅಲ್ಲಿರಿ. ಫೋನ್ ಸಿಗ್ನಲ್ ಇರುವುದಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಂಡು, ಎಲ್ಲಿಗೆ ಹೋಗುತ್ತೀರಿ ಅಂತ ಮನೆಯಲ್ಲಿ ಯಾರಿಗಾದರೂ ಹೇಳಿ.

ಪಾಯ್ಸನ್ ಓಕ್ ಅನ್ನು ಮಕ್ಕಳಿಗೆ ಮೊದಲ ದಿನವೇ ತೋರಿಸಿ: ಮೂರು ಮೂರು ಎಲೆ, ಬೇಸಿಗೆಯ ಕೊನೆಗೆ ಕೆಂಪು. ಇದು ನಮ್ಮ ಗೇರು, ಮಾವಿನ ಕುಟುಂಬದ್ದೇ ಗಿಡ. ಗೇರುಸಿಪ್ಪೆಯ ಸೊನೆ ತಾಗಿ ಬೊಬ್ಬೆ ಎದ್ದವರಿಗೆ, ಮಲೆನಾಡಿನ ಕರಿಗೇರಿನ ಹತ್ತಿರ ಹೋಗದವರಿಗೆ ಆ ಉರಿಯ ಪರಿಚಯವಿದೆ. ತಾಗಿದರೆ ತಡಮಾಡದೆ ಸೋಪು, ತಣ್ಣೀರು. ಬಟ್ಟೆಯನ್ನು ಬೇರೆ ಒಗೆಯಿರಿ. ಸಂಜೆ ಸ್ನಾನದ ಹೊತ್ತಿಗೆ ಮಕ್ಕಳ ಕಿವಿಯ ಹಿಂದೆ, ಮೊಣಕಾಲ ಸಂದಿನಲ್ಲಿ ರಕ್ತ ಹೀರುವ ಉಣ್ಣೆ ಹುಳ ಹತ್ತಿದೆಯೇ ನೋಡಿ.

ಬೆಂಕಿಯ ಬಗ್ಗೆ ಬಿಗ್ ಬೇಸಿನ್ ಕತೆಯ ಉಳಿದ ಭಾಗವನ್ನೇ ಹೇಳುತ್ತೇನೆ. ನಾವು ಹೋಗಿ ಬಂದ ಮರುವರ್ಷ, 2020ರ ಆಗಸ್ಟ್‌ನಲ್ಲಿ, ಮಳೆಯಿಲ್ಲದ ಸಿಡಿಲಿನಿಂದ ಹೊತ್ತಿದ ಬೆಂಕಿ ಆ ಪಾರ್ಕಿನ 97 ಪ್ರತಿಶತ ಭಾಗವನ್ನು ಸುಟ್ಟಿತು. ಮರದ ಹಳೇ ಕಚೇರಿ ಬೂದಿಯಾಯಿತು. ಅದು ಸಿಡಿಲು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದಕ್ಷಿಣದ ಯುಕೈಪಾ ಊರಿನ ಪಾರ್ಕಿನಲ್ಲಿ ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ತಿಳಿಸುವ ಸಂಭ್ರಮಕ್ಕೆ ಹಚ್ಚಿದ ಹೊಗೆಯ ಪಟಾಕಿಯಿಂದ ಕಾಡು ಹೊತ್ತಿ, ಬೆಂಕಿ ಆರಿಸಲು ಹೋದ ಒಬ್ಬರು ಸತ್ತರು. ಹುಟ್ಟುಹಬ್ಬಕ್ಕೆ ಕಿಡಿ ಹಾರುವ ಮೇಣದಬತ್ತಿ, ಹಾರುವ ದೀಪ ಪಾರ್ಕಿಗೆ ತರಲೇಬೇಡಿ. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ, ಅಡಿಯ ಬಿಸಿ ಸಾಕು ಅದಕ್ಕೆ. ಒಲೆ ಹಚ್ಚಲು ಅನುಮತಿ ಇರುವ ದಿನವಾದರೆ, ಹೊರಡುವಾಗ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಹಿಂಗೈ ಹತ್ತಿರ ಹಿಡಿದು ಬಿಸಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

2022ರ ಜುಲೈನಲ್ಲಿ ಪಾರ್ಕ್ ಮತ್ತೆ ತೆರೆಯಿತು. ಅದರ ಮುಂದಿನ ವರ್ಷ ಮಗಳನ್ನು ಕರೆದುಕೊಂಡು ಹೋದೆ. ಇದ್ದಿಲಿನಂತೆ ಕಪ್ಪಾದ ಕಾಂಡಗಳ ಮೈತುಂಬ, ಬುಡದಿಂದ ತುದಿಯವರೆಗೆ, ಪೊದೆಯ ಹಾಗೆ ಹಸಿರು ಚಿಗುರು. ರೆಡ್‌ವುಡ್‌ನ ದಪ್ಪ ತೊಗಟೆ ಅದನ್ನು ಉಳಿಸಿತ್ತು. ಅವಳು ಅಜ್ಜಿಗೆ ವಿಡಿಯೋ ಮಾಡಿ ಕಳಿಸಿದಳು. ಅಮ್ಮ ಮೊದಲು ಕೇಳಿದ್ದು ಆ ಹಕ್ಕಿಯ ಮರಿಯ ವಿಷಯವನ್ನೇ.

ಕೇಳಿದವರಿಗೆ: ನಿಮ್ಮ ಊರಿನ ಲೈಬ್ರರಿಯಲ್ಲಿ ಸ್ಟೇಟ್ ಪಾರ್ಕ್ ಪಾಸ್ ಅನ್ನು ಪುಸ್ತಕದಂತೆ ಎರವಲು ಕೊಡುತ್ತಾರೆಯೇ ವಿಚಾರಿಸಿ, ಸಿಕ್ಕರೆ ಪಾರ್ಕಿಂಗ್ ಶುಲ್ಕ ಉಳಿಯುತ್ತದೆ. ದೊಡ್ಡ ಮಗು ನಾಲ್ಕನೇ ಗ್ರೇಡಿನಲ್ಲಿದ್ದರೆ ಆ ಮಕ್ಕಳಿಗೇ ಅಂತ ಬೇರೆ ಉಚಿತ ಪಾಸ್ ಇದೆ. ಬಿಗ್ ಬೇಸಿನ್‌ಗೆ ವಾರಾಂತ್ಯದಲ್ಲಿ ಪಾರ್ಕಿಂಗ್ ಮುಂಚೆಯೇ ಕಾದಿರಿಸಿ. ಯಾವ ದಿನ ಹೊರಡುತ್ತೀರಿ ತಿಳಿಸಿ. ನಮ್ಮ ಗ್ಯಾರೇಜಿನಲ್ಲಿ ಮಕ್ಕಳ ಅಳತೆಯ ಎರಡು ಲೈಫ್ ಜಾಕೆಟ್ ಇವೆ, ಬಂದು ಒಯ್ಯಿರಿ. ಚಿಕ್ಕವನಿಗೆ ಹಾಕಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಗಲ್ಲ ದಾಟಿ ಮೇಲೆ ಬಂದರೆ ದೊಡ್ಡದಾಯಿತು ಅಂತ, ಇನ್ನೊಂದು ಹುಡುಕೋಣ.