ಟರ್ಬೊ ಸಿಳ್ಳೆ ಹೊಡೀತಿದೆ, ಬದಲಿಸಲೇಬೇಕಾ?

ಪ್ರಶ್ನೆ:
ನನ್ನದು ಡೀಸೆಲ್ ಕಾರು. ಈಚೆಗೆ ಏರು ಹತ್ತುವಾಗ ಮೊದಲಿನ ಪಿಕಪ್ ಇಲ್ಲ, 2,000 ಆರ್‌ಪಿಎಂ ದಾಟಿದ ಕೂಡಲೇ ಬಾನೆಟ್ ಒಳಗಿಂದ ಸಿಳ್ಳೆ ತರಹ ಸದ್ದು, ಹಿಂದೆ ಕಪ್ಪು ಹೊಗೆ. ಗ್ಯಾರೇಜಿನವರು ಬಿಚ್ಚಿಯೂ ನೋಡದೆ ಹೊಸ ಟರ್ಬೊ ಹಾಕಬೇಕು ಅಂದರು. ಅಷ್ಟಕ್ಕೂ ಈ ಟರ್ಬೊ ಮಾಡುವ ಕೆಲಸ ಏನು? ಗಾಡಿ ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಎಂಜಿನ್ ಆನ್ ಇಡಿ ಅಂತಾರಲ್ಲ, ಅದು ನಿಜವಾ?

ಉತ್ತರ 1:
ಬಿಚ್ಚದೆ ಹೇಳಿದ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಎಂಜಿನ್ ಬಿಡುವ ಬಿಸಿ ಹೊಗೆ ಸೈಲೆನ್ಸರ್‌ಗೆ ಹೋಗುವ ಮುಂಚೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿ ಎಳೆದು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದನ್ನು ತಣಿಸಲೆಂದೇ ನಡುವೆ ಇಂಟರ್‌ಕೂಲರ್. ಗಾಳಿ ಜಾಸ್ತಿ ಸಿಕ್ಕರೆ ಡೀಸೆಲ್ ಜಾಸ್ತಿ ಉರಿಸಬಹುದು, ಪವರ್ ಬರುವುದು ಹಾಗೆ. ನಿಮ್ಮದರಲ್ಲಿ ಆ ಗಾಳಿ ದಾರಿಯಲ್ಲೇ ಸೋರುತ್ತಿರಬಹುದು. ಎಂಜಿನ್ ತಣ್ಣಗಿರುವಾಗ ಇಂಟರ್‌ಕೂಲರ್ ಹೋಸ್‌ಗಳ ಅಡಿಭಾಗ, ಕ್ಲಿಪ್ ಕೂರುವ ಜಾಗ, ಎಲ್ಲ ಕೈಯಾಡಿಸಿ ನೋಡಿ. ಸೀಳು ಎಷ್ಟೋ ಸಲ ಕಣ್ಣಿಗೆ ಬೀಳಲ್ಲ, ಅಲ್ಲಿ ಮೆತ್ತಿದ ಜಿಡ್ಡು ಧೂಳು ಕೈಗೆ ಸಿಗುತ್ತದೆ.

ಉತ್ತರ 2:
ಹೌದು, ಮೊದಲು ಹೋಸ್. ನೀಲಿ ಹೊಗೆ ಬಂದು ಆಯಿಲ್ ಮಟ್ಟ ಇಳಿಯುತ್ತಿದ್ದರೆ ಟರ್ಬೊ ಮೇಲೆ ಅನುಮಾನ ಪಡಿ. ಆಗ ಏರ್ ಫಿಲ್ಟರ್ ಕಡೆಯ ಪೈಪ್ ಕಳಚಿ ಶಾಫ್ಟ್ ತುದಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ಚೂರು ಆಟ ಇರುವುದು ಸಹಜ. ಹಿಂದೆಮುಂದೆ ಆಡಿದರೆ, ಅಥವಾ ರೆಕ್ಕೆ ಒಳಗೋಡೆಗೆ ಉಜ್ಜಿದ ಗುರುತಿದ್ದರೆ, ಬೇರಿಂಗ್ ಹೋಗಿದೆ ಅಂತಲೇ.

ಆ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು ದಾಟುತ್ತದೆ, ಸಾಮಾನ್ಯವಾಗಿ ಅದನ್ನು ಹೊತ್ತಿರುವುದು ತೆಳುವಾದ ಆಯಿಲ್ ಪದರ ಅಷ್ಟೇ! ಜೋರಾಗಿ ಓಡಿಸಿ ತಟ್ಟಂತ ಆಫ್ ಮಾಡಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಬಿಸಿ ಮಾತ್ರ ಹಾಗೇ ಇರುತ್ತದೆ, ಒಳಗೆ ಉಳಿದ ಆಯಿಲ್ ಕರಟಿ ಗಟ್ಟಿಯಾಗುತ್ತದೆ. ಹೈವೇಯಲ್ಲಿ ಬಂದು ನಿಲ್ಲಿಸಿದಾಗ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಕೊನೆಗೆ ನಿಧಾನಕ್ಕೇ ಓಡಿಸಿದ್ದರೆ ಬೇಡ, ಸುಮ್ನೆ ಡೀಸೆಲ್ ದಂಡ. ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡುವುದೂ ಅಷ್ಟೇ ಕೆಟ್ಟದ್ದು, ಅದನ್ನು ಯಾರೂ ಹೇಳಲ್ಲ.

ಪ್ರಶ್ನೆ ಕೇಳಿದವರು:
ಹೋಸ್ ಅಡಿಯಲ್ಲಿ ಸೀಳಿದೆ! ಒತ್ತಿದರೆ ಬಾಯಿ ಬಿಡುತ್ತದೆ. ಟೇಪ್ ಸುತ್ತಿದರೆ ನಡೆಯುತ್ತಾ?

ಉತ್ತರ 3:
ಟೇಪ್ ಆ ಒತ್ತಡಕ್ಕೆ ನಿಲ್ಲಲ್ಲ, ಹೋಸ್, ಕ್ಲಿಪ್ ಎರಡೂ ಹೊಸದು ಹಾಕಿ. ಆಮೇಲೂ ಪಿಕಪ್ ಬರದಿದ್ದರೆ ಟರ್ಬೊ ಒಳಗಿನ ವೇನ್‌ಗಳು (ಹೊಗೆಯನ್ನು ಚಕ್ರದ ಕಡೆ ತಿರುಗಿಸುವ ಸಣ್ಣ ರೆಕ್ಕೆಗಳು) ಮಸಿ ಕಟ್ಟಿ ಸಿಕ್ಕಿಕೊಂಡಿವೆಯಾ ನೋಡಿಸಿ. ಆಯಿಲ್ ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡ್‌ನದ್ದೇ ಇರಲಿ, ಫಿಲ್ಟರ್ ಜೊತೆ ಹೊತ್ತಿಗೆ ಸರಿಯಾಗಿ ಬದಲಿಸಿ. ಮುಂದೆ ಎಂದಾದರೂ ಟರ್ಬೊ ಬದಲಿಸಬೇಕಾಗಿ ಬಂದರೆ ಅದಕ್ಕೆ ಆಯಿಲ್ ತರುವ ಸಣ್ಣ ಪೈಪನ್ನೂ ಬದಲಿಸಲು ಹೇಳಿ, ಅದು ಕಟ್ಟಿಕೊಂಡಿದ್ದರೆ ಹೊಸ ಟರ್ಬೊನೂ ಬೇಗ ಹೋಗುತ್ತದೆ.